ಹೆಂಗಸಿನ ಮತ ಯಾರದು?

ಚುನಾವಣೆ ಸಮೀಪಿಸಿತೆಂದರೆ ನಮ್ಮ ಚಾಳುಗಳ ಮೆಟ್ಟಲು ಹತ್ತದ ಪಕ್ಷವಿಲ್ಲ. ಮತದಾರರ ಪಟ್ಟಿ ಹಿಡಿದ ಕಾರ್ಯಕರ್ತರು ಬಾಗಿಲಲ್ಲಿ ನಿಂತು ಕೇಳುವ ಮೊದಲ ಪ್ರಶ್ನೆ, "ಈ ಮನೆಯಲ್ಲಿ ಎಷ್ಟು ವೋಟು?" ಎಂಬುದು. ಮನೆಯ ಯಜಮಾನ "ನಾಲ್ಕು" ಎನ್ನುತ್ತಾನೆ. ಅವರು ನಾಲ್ಕೆಂದು ಗುರುತು ಹಾಕಿಕೊಂಡು ಮುಂದಿನ ಖೋಲಿಗೆ ಹೋಗುತ್ತಾರೆ. ಆ ನಾಲ್ಕರಲ್ಲಿ ತಾಯಿಯದೊಂದು, ಹೆಂಡತಿಯದೊಂದು, ವಯಸ್ಸಿಗೆ ಬಂದ ಮಗಳದೊಂದು. ಆ ಮೂವರೂ ಆ ಹೊತ್ತಿಗೆ ಒಲೆಯ ಮುಂದೆಯೋ, ನಳದ ಸಾಲಿನಲ್ಲಿಯೋ, ಯಾರದೋ ಮನೆಯ ಪಾತ್ರೆಗಳ ಮುಂದೆಯೋ ಇರುತ್ತಾರೆ. ಅವರನ್ನು ಹೊರಗೆ ಕರೆದು, "ತಾಯಿ, ನಿಮಗೇನು ಬೇಕು?" ಎಂದು ಕೇಳಿದವರು ಬಹಳ ಕಡಿಮೆ.

ಮನೆಯ ಮತಗಳೆಲ್ಲ ಯಜಮಾನನ ಜೇಬಿನಲ್ಲಿವೆಯೆಂಬ ಈ ಲೆಕ್ಕ ಹಳೆಯದು. ನಮ್ಮ ಕಾರ್ಮಿಕ ಬಂಧುಗಳಲ್ಲಿ ಎಷ್ಟೋ ಮಂದಿ ಇದನ್ನು ಇಂದಿಗೂ ನಂಬಿದ್ದಾರೆ. ಸಂಬಳ, ರಜೆ, ಬೋನಸ್ಸುಗಳ ವಿಷಯದಲ್ಲಿ ಮಾಲಿಕನ ಲೆಕ್ಕವನ್ನು ಒಪ್ಪದ ನಾವು ಮನೆಯೊಳಗಿನ ಈ ಲೆಕ್ಕವನ್ನು ಮಾತ್ರ ಪರೀಕ್ಷಿಸದೆ ಒಪ್ಪುವುದು ಸರಿಯೆ? ಹೆಂಗಸು ಮತಗಟ್ಟೆಯ ಮರೆಯಲ್ಲಿ ಒಬ್ಬಳೇ ನಿಂತಾಗ ಅವಳ ಕೈಯನ್ನು ನಡೆಸುವುದು ಏನು? ಗಂಡನ ಮಾತೆ, ಜಾತಿಯ ಮಾತೆ, ಇಲ್ಲವೇ ಹೆಂಗಸಾದುದರಿಂದಲೇ ಅವಳು ದಿನವೂ ಅನುಭವಿಸುವ ಕಷ್ಟವೆ? ಈ ವಾರ ಇದನ್ನು ಸ್ವಲ್ಪ ವಿಚಾರ ಮಾಡೋಣ.

ಮೊದಲು ಇತಿಹಾಸವನ್ನು ನೋಡಬೇಕು. ಸ್ವತಂತ್ರ ಭಾರತದ ಪ್ರಥಮ ಸಾರ್ವತ್ರಿಕ ಚುನಾವಣೆ 1951-52ರಲ್ಲಿ ನಡೆಯಿತು. ಗಂಡಸು ಹೆಂಗಸೆಂಬ ಭೇದವಿಲ್ಲದೆ ಪ್ರಾಯಕ್ಕೆ ಬಂದವರೆಲ್ಲರಿಗೂ ಸಂವಿಧಾನವು ಮತವನ್ನು ಕೊಟ್ಟಿತ್ತು. ಆದರೆ ಪಟ್ಟಿ ಬರೆಯಲು ಮನೆಮನೆಗೆ ಹೋದ ಗುಮಾಸ್ತರಿಗೆ ಲಕ್ಷಾಂತರ ಹೆಂಗಸರು ತಮ್ಮ ಹೆಸರನ್ನು ಹೇಳಲಿಲ್ಲ. "ಇಂಥವನ ತಾಯಿ", "ಇಂಥವನ ಹೆಂಡತಿ" ಎಂದೇ ಬರೆಸಿದರು. ಪರಪುರುಷನ ಮುಂದೆ ಹೆಸರು ಹೇಳಬಾರದೆಂಬುದು ಅವರು ಕಲಿತ ಮರ್ಯಾದೆ. ಆಗಿನ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು, ಹೆಸರಿಲ್ಲದವರನ್ನು ಮತದಾರರೆಂದು ಒಪ್ಪಲಾಗದು, ಸ್ವಂತ ಹೆಸರನ್ನೇ ಬರೆಸಬೇಕೆಂದು ಪಟ್ಟು ಹಿಡಿದರು. ಅನೇಕರು ಬರೆಸಿದರು. ಆದರೂ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಇವರಲ್ಲಿ ಬಹುಮಂದಿ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನ, ಮಧ್ಯ ಭಾರತಗಳ ಕಡೆಯವರು.

ಆ 28 ಲಕ್ಷ ಮಂದಿಯ ಮತವನ್ನು ಯಾವ ಪಕ್ಷವೂ ಕದಿಯಲಿಲ್ಲ, ಯಾವ ಗೂಂಡಾನೂ ತಡೆಯಲಿಲ್ಲ. ಹೆಂಗಸಿಗೆ ಸ್ವಂತ ಹೆಸರು ಬೇಡವೆಂದು ಕಲಿಸಿದ ಮನೆಯೇ ಅವರನ್ನು ಮತದಿಂದ ದೂರ ಮಾಡಿತು. ಭೇದವೆಂಬುದು ಹೆಂಗಸಿನ ಮತದ ಮೇಲೆ ಮಾಡುವ ಮೊದಲ ಕೆಲಸ ಇದು. ಯಾರಿಗೆ ಹಾಕಬೇಕೆಂಬ ಯೋಚನೆ ಹುಟ್ಟುವ ಮೊದಲೇ, ಹಾಕುವ ಅಧಿಕಾರ ತನಗಿದೆಯೆಂಬ ಅರಿವನ್ನೇ ಅದು ಚಿವುಟಿಬಿಡುತ್ತದೆ.

ಆ ಕಾಲ ಹೋಯಿತೆನ್ನುವಿರಾ? ಬಹುಮಟ್ಟಿಗೆ ಹೋಯಿತು ಎಂಬುದು ನಿಜ. 1962ರ ಲೋಕಸಭಾ ಚುನಾವಣೆಯಲ್ಲಿ ನೂರು ಮಂದಿ ಗಂಡಸು ಮತದಾರರಲ್ಲಿ 63 ಮಂದಿ ಮತ ಹಾಕಿದರೆ, ನೂರು ಹೆಂಗಸರಲ್ಲಿ 47 ಮಂದಿಯೂ ಹಾಕಿರಲಿಲ್ಲ. 2019ರಲ್ಲಿ ಮೊದಲ ಬಾರಿಗೆ ಹೆಂಗಸರ ಪ್ರಮಾಣ ಗಂಡಸರದಕ್ಕಿಂತ ಕೂದಲೆಳೆಯಷ್ಟು ಮೇಲಾಯಿತು. ಇಬ್ಬರದೂ ನೂರಕ್ಕೆ 67ರ ಹತ್ತಿರ. 2024ರಲ್ಲಿಯೂ ಹಾಗೆಯೇ ಆಯಿತು. ಐವತ್ತೇಳು ವರ್ಷಗಳಲ್ಲಿ ಹೆಂಗಸರು ಹದಿನಾರು ಹೆಜ್ಜೆಯ ಹಿನ್ನಡೆಯನ್ನು ತುಂಬಿಕೊಂಡರು. ಹೀಗೆ ಮತಗಟ್ಟೆಯವರೆಗೆ ನಡೆದು ಬಂದ ಹೆಂಗಸು ಮನಸ್ಸಿನಲ್ಲಿ ಏನನ್ನು ಹೊತ್ತು ಬರುತ್ತಾಳೆಂಬುದೇ ಈಗಿನ ಪ್ರಶ್ನೆ.

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮ್ಮ ಹೋಟೆಲುಗಳ ಹಿಂಬಾಗಿಲಿಗೆ ಬನ್ನಿ. ಮುಂದುಗಡೆ ಗಲ್ಲಾದಲ್ಲಿ ಗಂಡಸು, ಟೇಬಲ್ಲಿನಲ್ಲಿ ಗಂಡಸು, ಭಟ್ಟಿಯ ಮುಂದೆ ಗಂಡಸು. ಹಿಂದುಗಡೆ ಮೋರಿಯ ಪಕ್ಕದಲ್ಲಿ ಕುಳಿತು ಈರುಳ್ಳಿ ಹೆಚ್ಚುವವಳು, ಚಪಾತಿ ಲಟ್ಟಿಸುವವಳು, ಪಾತ್ರೆ ತಿಕ್ಕುವವಳು ಹೆಂಗಸು. ನಾನು ಹುಡುಗನಾಗಿ ಪಾತ್ರೆ ತೊಳೆಯಲು ನಿಂತ ಹೋಟೆಲಿನಲ್ಲಿ ನನ್ನ ಪಕ್ಕದಲ್ಲೇ ಒಬ್ಬ ನಡುವಯಸ್ಸಿನ ತಾಯಿ ಅದೇ ಕೆಲಸವನ್ನು ಮಾಡುತ್ತಿದ್ದಳು. ಮೀಸೆ ಮೂಡದ ನನಗೆ ಅವಳಿಗಿಂತ ಹೆಚ್ಚು ಪಗಾರ. ಮಾಲಿಕನನ್ನು ಕೇಳಿದರೆ, "ನೀನು ಕೆಲಸಗಾರ, ಅವಳು ಸಹಾಯಕ್ಕೆ ಬರುವವಳು" ಎಂಬ ಉತ್ತರ. ತಿಕ್ಕುವ ಪಾತ್ರೆ ಒಂದೇ, ಬೂದಿ ಒಂದೇ, ಸೋಪಿನ ನೀರಿಗೆ ಬೆರಳ ಸಂದಿ ಕೊಳೆಯುವುದೂ ಒಂದೇ. ಹೆಸರನ್ನು ಬದಲಿಸಿದೊಡನೆ ಕೂಲಿ ಕಡಿಮೆಯಾಯಿತು.

ಕಾನೂನು ಇಲ್ಲವೆಂದಲ್ಲ. ಒಂದೇ ಬಗೆಯ ಕೆಲಸಕ್ಕೆ ಗಂಡಸು ಹೆಂಗಸರಿಗೆ ಸಮಾನ ವೇತನ ಕೊಡಬೇಕೆಂಬ ಕಾಯಿದೆ 1976ರಲ್ಲಿಯೇ ಬಂತು. 2019ರ ವೇತನ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂದಾಗ ಆ ತತ್ವವು ಅದರೊಳಗೆ ಸೇರಿತು. ಐವತ್ತು ಮಂದಿಗಿಂತ ಕಡಿಮೆಯಿಲ್ಲದೆ ದುಡಿಯುವ ಸಂಸ್ಥೆಯಲ್ಲಿ ಶಿಶುಗೃಹವಿರಬೇಕೆಂಬ ನಿಯಮವನ್ನು 2017ರ ತಿದ್ದುಪಡಿ ತಂದಿತು. ಆದರೆ ನಮ್ಮ ಹೋಟೆಲುಗಳಲ್ಲಿ ಐವತ್ತು ಮಂದಿ ದುಡಿಯುವಂಥವು ಎಷ್ಟಿವೆ? ಹಾಲು ಕುಡಿಯುವ ಕೂಸನ್ನು ಅಕ್ಕಿ ಮೂಟೆಯ ಪಕ್ಕದಲ್ಲಿ ಮಲಗಿಸಿ ದುಡಿಯುವ ತಾಯಿಗೆ ಆ ನಿಯಮ ತಲುಪುವುದಿಲ್ಲ.

ಕೂಲಿಯ ಮಾತು ಒಂದಾದರೆ ನೀರಿನ ಮಾತು ಇನ್ನೊಂದು. ಕಲಬುರ್ಗಿ, ಯಾದಗಿರಿಯ ಕಡೆಯಿಂದ ಬಂದು ಬೆಳಿಗ್ಗೆ ನಾಕಾದಲ್ಲಿ ಕೂಲಿಗೆ ನಿಲ್ಲುವ ನಮ್ಮ ಅಕ್ಕತಂಗಿಯರನ್ನು ಕೇಳಿ ನೋಡಿ. ನಮ್ಮ ಸಂಘದ ಸಭೆಯೊಂದಕ್ಕೆ ಬಂದಿದ್ದ ಅಂಥ ಒಬ್ಬ ತಾಯಿ ಹೇಳಿದ ಮಾತು ಇದು: "ಅಣ್ಣಾರ, ಗಂಡಸರು ಕೂಡಿದರ ಯಾವ ಪಾರ್ಟಿ ಬರತದ ಅಂತ ಮಾತಾಡತಾರ. ನಾವು ನೀರು ಯಾವಾಗ ಬರತದ ಅಂತ ಮಾತಾಡತೀವಿ. ನಸುಕಿನ್ಯಾಗ ನಾಕ ಗಂಟಿಗಿ ಎದ್ದು ಕೊಡ ಹಿಡಕೊಂಡು ನಿಲ್ಲಾಕಿ ನಾನು. ಆ ನಿಂತಿದ್ದಕ್ಕ ಪಗಾರ ಇಲ್ಲ. ಕತ್ತಲಾಗೂತನಕ ಹೊರಗ ಕೂಡಾಕ ಜಾಗಾ ಇಲ್ಲ. ನಿಮ್ಮ ಪಾರ್ಟಿಯೊಳಗ ಇದನ್ನ ಯಾರು ಬರಕೊಂಡಾರ ಹೇಳ್ರಿ, ಅವರಿಗಿ ಹಾಕತೀನಿ."

ಇದು ರಾಜಕೀಯವಲ್ಲದೆ ಮತ್ತೇನು? ನೀರು ಪುರಸಭೆಯದು. ಶೌಚಾಲಯ ಪುರಸಭೆಯದು. ಬೀದಿಯ ದೀಪ, ರಾತ್ರಿ ಹತ್ತರ ನಂತರದ ರೈಲಿನ ಹೆಂಗಸರ ಡಬ್ಬಿಯಲ್ಲಿ ನಿಲ್ಲುವ ಪೊಲೀಸು, ಹೆರಿಗೆ ಆಸ್ಪತ್ರೆ, ಚಾಳಿನ ಬಾಗಿಲಿನ ಸಾರಾಯಿ ಅಂಗಡಿಯ ಪರವಾನಗಿ, ಇವೆಲ್ಲ ಸರಕಾರದ ಕೈಯಲ್ಲಿರುವಂಥವು. ಇವು ಕೆಟ್ಟಾಗ ಮೊದಲು ಪೆಟ್ಟು ಬೀಳುವುದು ಹೆಂಗಸಿಗೆ. ನೀರು ಬಾರದಿದ್ದರೆ ಗಂಡಸು ಹೋಟೆಲಿನಲ್ಲಿ ಮುಖ ತೊಳೆದುಕೊಳ್ಳುತ್ತಾನೆ. ಹೆಂಗಸು ಕೊಡ ಹೊರುತ್ತಾಳೆ. ಆದ್ದರಿಂದ ಅವಳು ಅಭ್ಯರ್ಥಿಯನ್ನು ಅಳೆಯುವ ಅಳತೆಗೋಲು ಬೇರೆಯಾಗಿದ್ದರೆ ಅದು ಅವಳ ಅಜ್ಞಾನವಲ್ಲ. ಅವಳು ಕಂಡ ಸರಕಾರ ಬೇರೆ, ನಾವು ಕಂಡ ಸರಕಾರ ಬೇರೆ.

ಹಾಗಾದರೆ ಕಷ್ಟಪಟ್ಟ ಪ್ರತಿಯೊಬ್ಬ ಹೆಂಗಸೂ ಆ ಕಷ್ಟವನ್ನು ನೆನೆದೇ ಮತ ಹಾಕುತ್ತಾಳೆಯೆ? ಹಾಗೆಂದು ಹೇಳಿದರೆ ಸುಳ್ಳಾದೀತು. ಅದೇ ಸಭೆಯಲ್ಲಿ ಕರಾವಳಿಯ ಕಡೆಯ ಇನ್ನೊಬ್ಬ ತಾಯಿಯೂ ಇದ್ದಳು. ಅವಳೆಂದಳು: "ಎಂತ ಹೇಳುದು ಮಾರಾಯ್ರೆ, ಇಷ್ಟು ವರ್ಷವೂ ಮನೆಯಲ್ಲಿ ಹೇಳಿದವರಿಗೇ ಹಾಕಿದ್ದು. ಯಾರು ಬಂದರೂ ನನಗೆ ಈ ಒಲೆಯೇ ಅಲ್ವಾ?" ಭೇದವು ಒಬ್ಬಳಿಗೆ ಸಿಟ್ಟನ್ನು ಕಲಿಸಿದರೆ ಇನ್ನೊಬ್ಬಳಿಗೆ ಮೌನವನ್ನು ಕಲಿಸುತ್ತದೆ. ಮತ್ತೊಬ್ಬಳಿಗೆ, ತನಗೆ ಆಸರೆಯಾದ ಗಂಡನನ್ನೋ ಜಾತಿಯ ಹಿರಿಯನನ್ನೋ ಎದುರು ಹಾಕಿಕೊಳ್ಳಬಾರದೆಂಬ ಭಯವನ್ನು ಕಲಿಸುತ್ತದೆ. ದಲಿತ ಹೆಂಗಸಿನ ಕಷ್ಟದಲ್ಲಿ ಜಾತಿಯೂ ಹೆಣ್ತನವೂ ಒಂದೇ ಹಗ್ಗದ ಎರಡು ಎಳೆಗಳಾಗಿ ಹೊಸೆದುಕೊಂಡಿವೆ. ಅವಳ ಮತದಲ್ಲಿ ಇದು ಜಾತಿ, ಇದು ಹೆಣ್ಣಿನ ನೋವು ಎಂದು ಬೇರ್ಪಡಿಸಿ ತೋರಿಸಲು ಯಾರಿಂದ ಸಾಧ್ಯ? ಹೆಂಗಸರೆಲ್ಲ ಒಂದೇ ಕಡೆ ಮತ ಹಾಕುತ್ತಾರೆನ್ನುವವನೂ ತಪ್ಪು, ಹೆಂಗಸಿಗೆ ಸ್ವಂತ ಮತವೇ ಇಲ್ಲವೆನ್ನುವವನೂ ತಪ್ಪು.

ಹಾಗಿದ್ದರೆ ಮೌನವು ಮತವಾಗಿ ಮಾರ್ಪಡುವುದು ಯಾವಾಗ? ನಮ್ಮ ನೆರೆಯ ಆಂಧ್ರದಲ್ಲಿ ನಡೆದುದನ್ನು ಪ್ರತಿಯೊಬ್ಬ ಕಾರ್ಮಿಕನೂ ತಿಳಿದಿರಬೇಕು. ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಎಂಬ ಹಳ್ಳಿ. ಅಲ್ಲಿಯ ಗಂಡಸರು ಹೊಲದಲ್ಲಿ ದುಡಿದ ಕೂಲಿ ಸಾರಾಯಿ ಅಂಗಡಿಗೆ, ಹೆಂಗಸರ ಕೂಲಿ ಮನೆಗೆ, ಮೇಲೆ ರಾತ್ರಿಯ ಹೊಡೆತ ಹೆಂಗಸರ ಬೆನ್ನಿಗೆ. ಇದು ತಲೆತಲಾಂತರದಿಂದ ನಡೆದು ಬಂದದ್ದು. ಪ್ರತಿಯೊಬ್ಬಳೂ ಇದನ್ನು ತನ್ನ ಹಣೆಬರಹವೆಂದುಕೊಂಡಿದ್ದಳು. 1990ರ ನಂತರ ಆ ಜಿಲ್ಲೆಯಲ್ಲಿ ಅಕ್ಷರ ಕಲಿಸುವ ಚಳವಳಿ ನಡೆಯಿತು. ದುಡಿದು ದಣಿದ ಹೆಂಗಸರು ಸಂಜೆಯ ಹೊತ್ತು ಒಂದು ಕಡೆ ಸೇರಿದರು. ಓದುವ ಪಾಠದಲ್ಲಿ ಅವರ ಬದುಕಿನ ಮಾತೇ ಇತ್ತು. ಪಾಠದಿಂದ ಮಾತು ಹೊರಟಿತು, "ನಿನ್ನ ಮನೆಯಲ್ಲಿಯೂ ಹೀಗೆಯೆ?" ಎಂಬ ಪ್ರಶ್ನೆ ಎದ್ದಿತು. ಒಬ್ಬಳ ಹಣೆಬರಹವೆಂದುಕೊಂಡದ್ದು ಎಲ್ಲರ ಮನೆಯಲ್ಲಿಯೂ ಇದೆಯೆಂದು ತಿಳಿದಾಗ ಅದು ಹಣೆಬರಹವಾಗಿ ಉಳಿಯಲಿಲ್ಲ. ರೋಸಮ್ಮನಂಥ ಬಡ ಹೆಂಗಸರು ಮುಂದೆ ನಿಂತರು, ಸಾರಾಯಿ ತಂದವರನ್ನು ಊರಿನಿಂದ ಓಡಿಸಿದರು. 1992ರಲ್ಲಿ ಈ ಬೆಂಕಿ ಹಳ್ಳಿಯಿಂದ ಹಳ್ಳಿಗೆ ಹಬ್ಬಿತು. ಸಾರಾಯಿಯ ಹರಾಜುಗಳೇ ನಡೆಯದಂತಾದವು. 1993ರ ಅಕ್ಟೋಬರ್ 1ರಿಂದ ರಾಜ್ಯದಲ್ಲೆಲ್ಲ ಸಾರಾಯಿ ನಿಂತಿತು. 1994ರ ಚುನಾವಣೆಯಲ್ಲಿ ಎನ್.ಟಿ. ರಾಮರಾಯರು ಸಂಪೂರ್ಣ ಪಾನನಿರೋಧದ ವಚನ ಕೊಟ್ಟು ಹೆಂಗಸರ ಮುಂದೆ ಬಂದರು; ಭಾರಿ ಬಹುಮತದಿಂದ ಗೆದ್ದರು. 1995ರ ಆರಂಭದಲ್ಲಿ ಪಾನನಿರೋಧ ಜಾರಿಗೆ ಬಂತು.

ಇಲ್ಲಿಗೇ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಬೊಕ್ಕಸಕ್ಕೆ ಹಣ ಸಾಲದೆಂದು 1997ರಲ್ಲಿ ಮುಂದಿನ ಮುಖ್ಯಮಂತ್ರಿಗಳು ಪಾನನಿರೋಧವನ್ನು ತೆಗೆದುಹಾಕಿದರು. ಇದರಿಂದ ಎರಡು ಪಾಠ ಕಲಿಯಬೇಕು. ನೋವು ತಾನಾಗಿಯೇ ಮತವಾಗುವುದಿಲ್ಲ. ಹೆಂಗಸರು ಒಟ್ಟಿಗೆ ಕುಳಿತು ಮಾತನಾಡಿದರೆ ಮಾತ್ರ ಆಗುತ್ತದೆ. ಮತ ಹಾಕಿದ ಮಾತ್ರಕ್ಕೆ ಗೆದ್ದದ್ದು ಉಳಿಯುವುದಿಲ್ಲ. ಕಾವಲು ಕುಳಿತರೆ ಮಾತ್ರ ಉಳಿಯುತ್ತದೆ. ಸಂಘವಿಲ್ಲದ ಕಾರ್ಮಿಕನ ಒಪ್ಪಂದದ ಗತಿಯೂ ಇದೇ ಅಲ್ಲವೆ?

ನಮ್ಮ ಕರ್ನಾಟಕದ ಹೆಂಗಸರೂ ಕಡಿಮೆಯವರಲ್ಲ. 2019ರ ಜನವರಿಯಲ್ಲಿ ರಾಯಚೂರು ಮೊದಲಾದ ಜಿಲ್ಲೆಗಳ ಸಾವಿರಾರು ಬಡ ಹೆಂಗಸರು ಮದ್ಯ ನಿಲ್ಲಿಸಿರೆಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು ಇನ್ನೂರು ಕಿಲೋಮೀಟರ್ ನಡೆದರು. ಕಾಲು ಬೊಬ್ಬೆಯೆದ್ದವು, ಮದ್ಯ ನಿಲ್ಲಲಿಲ್ಲ. ಆಂಧ್ರದ ಹೆಂಗಸರಿಗೆ ತಮ್ಮ ಬೇಡಿಕೆಯನ್ನು ಹೊತ್ತು ಗೆಲ್ಲಬಲ್ಲ ಒಂದು ಪಕ್ಷ ಸಿಕ್ಕಿತ್ತು, ಇವರಿಗೆ ಸಿಗಲಿಲ್ಲ. ಮತಪತ್ರದಲ್ಲಿ ಅವಳ ಕಷ್ಟಕ್ಕೆ ಚಿಹ್ನೆಯೇ ಇಲ್ಲದಿದ್ದರೆ ಅವಳು ಯಾವುದನ್ನು ಒತ್ತಬೇಕು? ಆಗ ಅವಳು ಜಾತಿಗೋ ಗಂಡನ ಪಕ್ಷಕ್ಕೋ ಒತ್ತಿದರೆ, ಅವಳಿಗೆ ಸ್ವಂತ ಬುದ್ಧಿಯಿಲ್ಲವೆಂದು ಹಂಗಿಸುವುದು ನ್ಯಾಯವಲ್ಲ.

ಬಿಹಾರದ ವಿಷಯವನ್ನೂ ನೋಡೋಣ. ನಮ್ಮಂತೆಯೇ ಅಲ್ಲಿಯ ಗಂಡಸರು ಹೊಟ್ಟೆಪಾಡಿಗಾಗಿ ದೇಶವೆಲ್ಲ ಅಲೆಯುತ್ತಾರೆ. ಮನೆ, ಹೊಲ, ಮುದುಕರು, ಮಕ್ಕಳು ಹೆಂಗಸಿನ ತಲೆಯ ಮೇಲೆ. 2006ರಲ್ಲಿ ಆ ರಾಜ್ಯವು ಪಂಚಾಯತಿಗಳಲ್ಲಿ ಅರ್ಧ ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಟ್ಟಿತು; ಹೈಸ್ಕೂಲಿಗೆ ಹೋಗುವ ಹುಡುಗಿಯರಿಗೆ ಸೈಕಲ್ಲುಗಳನ್ನು ಕೊಡತೊಡಗಿತು. 2015ರ ವಿಧಾನಸಭಾ ಚುನಾವಣೆಯಲ್ಲಿ ನೂರು ಹೆಂಗಸರಲ್ಲಿ 60 ಮಂದಿ ಮತ ಹಾಕಿದರು, ಗಂಡಸರಲ್ಲಿ 53 ಮಂದಿ. ದುಡಿಯಲು ಪರಸ್ಥಳಕ್ಕೆ ಹೋದ ಗಂಡಸರು ಮತಕ್ಕೆ ಬರಲಿಲ್ಲವೆಂಬುದೂ ಇದಕ್ಕೆ ಒಂದು ಕಾರಣ. ಆ ಚುನಾವಣೆಗೆ ಮೊದಲು ಸಭೆಯಲ್ಲಿ ಹೆಂಗಸರು ಮದ್ಯ ನಿಲ್ಲಿಸಿರೆಂದು ಕೇಳಿದ್ದರು. ನಿತೀಶ ಕುಮಾರರು ಒಪ್ಪಿದರು, ಗೆದ್ದರು, 2016ರ ಏಪ್ರಿಲಿನಲ್ಲಿ ನಿಲ್ಲಿಸಿದರು. ಪಾನನಿರೋಧದ ನಂತರ ಕಳ್ಳಭಟ್ಟಿ ಕುಡಿದು ಸತ್ತವರೂ ಬಡವರೇ, ಜೈಲು ಸೇರಿದವರಲ್ಲಿ ಬಹುಮಂದಿಯೂ ಬಡವರೇ ಎಂಬುದನ್ನು ಮರೆಯಬಾರದು. ಆದರೆ ಹೆಂಗಸರು ಕೇಳಿದ್ದನ್ನು ಆಳುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತೆಂಬುದು ಸಣ್ಣ ಮಾತಲ್ಲ.

ಈಗ ಹಣದ ಮಾತಿಗೆ ಬರೋಣ, ಯಾಕೆಂದರೆ ನಮ್ಮ ಬಂಧುಗಳು ಚಹದ ಲೋಟ ಹಿಡಿದು ಹೆಚ್ಚಾಗಿ ಆಡುವುದು ಇದನ್ನೇ. ಕರ್ನಾಟಕದಲ್ಲಿ 2023ರ ಚುನಾವಣೆಯ ನಂತರ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಬಂತು. ಮಹಾರಾಷ್ಟ್ರದಲ್ಲಿ 2024ರ ನವೆಂಬರಿನ ಚುನಾವಣೆಗೆ ಕೆಲವೇ ತಿಂಗಳು ಮೊದಲು 'ಲಾಡಕಿ ಬಹೀಣ' ಯೋಜನೆಯಡಿ ತಿಂಗಳಿಗೆ 1,500 ರೂಪಾಯಿ ಬಂತು. "ಹೆಂಗಸರು ಸಾವಿರದೈನೂರಕ್ಕೆ ಮತ ಮಾರಿಕೊಂಡರು" ಎಂದು ನಗುವವರಿದ್ದಾರೆ. ಹೀಗೆ ನಗುವ ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಬೇಕು. ಹುಟ್ಟಿದಾಗಿನಿಂದ ದುಡಿದರೂ ತನ್ನ ಹೆಸರಿನಲ್ಲಿ ಒಂದು ರೂಪಾಯಿಯೂ ಬಾರದ ಹೆಂಗಸಿಗೆ, ಮೊದಲ ಬಾರಿಗೆ ತನ್ನ ಹೆಸರಿನ ಬ್ಯಾಂಕ್ ಖಾತೆಗೆ ಹಣ ಬಂದರೆ ಅದು ಬರೀ ಹಣವೆ? ಗಂಡನ ಮುಂದೆ ಕೈಯೊಡ್ಡದೆ ಮಗುವಿನ ಔಷಧ ತರಬಹುದೆಂಬುದು ನಮಗೆ ಸಣ್ಣದಾಗಿ ಕಂಡೀತು. ಕೈಯೊಡ್ಡಿ ಅಭ್ಯಾಸವಾದವಳಿಗೆ ಅದು ದೊಡ್ಡದು. ಮಾಲಿಕನು ಬೋನಸ್ಸು ಕೊಟ್ಟರೆ ಹಕ್ಕೆಂದು ಪಡೆಯುವ ನಾವು, ಸರಕಾರ ಹೆಂಗಸಿಗೆ ಕೊಟ್ಟರೆ ಲಂಚವೆನ್ನುವುದು ಯಾವ ನ್ಯಾಯ?

ಆದರೆ ಅಕ್ಕತಂಗಿಯರಿಗೂ ಒಂದು ಮಾತನ್ನು ಹೇಳಬೇಕು. ಹಣವನ್ನು ಪಡೆಯಿರಿ, ಅದು ನಿಮ್ಮದು. ಆದರೆ ಅದನ್ನು ಮೂಗಿಗೆ ಸವರಿದ ತುಪ್ಪವಾಗಲು ಬಿಡಬೇಡಿ. ಸಾವಿರದೈನೂರು ಕೊಟ್ಟು ಸಮಾನ ಕೂಲಿಯ ಮಾತನ್ನು ಮುಚ್ಚಿದರೆ, ಅದು ನಿಮ್ಮ ಕೂಲಿಯಿಂದಲೇ ನಿಮಗೆ ಕೊಟ್ಟ ಹಾಗಾಯಿತು. ಹಣ ಕೊಟ್ಟವರನ್ನು ನೀರೆಲ್ಲಿ, ಶೌಚಾಲಯವೆಲ್ಲಿ, ಶಿಶುಗೃಹವೆಲ್ಲಿ, ಕೈಯೆತ್ತಿದ ಮಾಲಿಕನ ಮೇಲೆ ಕೊಟ್ಟ ದೂರು ಎಲ್ಲಿಗೆ ಬಂತು ಎಂದೂ ಕೇಳಿರಿ.

ಕೇಳಬೇಕಾದ ಇನ್ನೊಂದು ಪ್ರಶ್ನೆ, ಅಭ್ಯರ್ಥಿಗಳಲ್ಲಿ ನಮ್ಮವರೆಲ್ಲಿ ಎಂಬುದು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿಯೇ ಮದರಾಸು ಶಾಸನಸಭೆಗೆ ನಿಂತು, ಸ್ವಲ್ಪ ಮತಗಳ ಅಂತರದಿಂದ ಸೋತರು. ಅದಾಗಿ ನೂರು ವರ್ಷಗಳು ಸಂದವು. 2024ರಲ್ಲಿ ಲೋಕಸಭೆಯ 543 ಸ್ಥಾನಗಳಿಗೆ ಗೆದ್ದು ಬಂದ ಹೆಂಗಸರು 74 ಮಂದಿ. ಮತದಾನದಲ್ಲಿ ಸರಿಸಮವಾಗಿ ನಿಂತವರು ಸದನದಲ್ಲಿ ಏಳರಲ್ಲಿ ಒಂದು ಪಾಲು! ಮೂರನೆಯ ಒಂದು ಪಾಲು ಸ್ಥಾನಗಳನ್ನು ಮೀಸಲಿಡುವ ಸಂವಿಧಾನದ ತಿದ್ದುಪಡಿ 2023ರಲ್ಲಿ ಅಂಗೀಕಾರವಾಯಿತು; ಆದರೆ ಜನಗಣತಿ, ಕ್ಷೇತ್ರ ವಿಂಗಡಣೆಗಳಾದ ಮೇಲೆ ಎಂಬ ಷರತ್ತನ್ನೂ ಅದರ ಕುತ್ತಿಗೆಗೆ ಕಟ್ಟಲಾಯಿತು.

ಹೆಂಗಸನ್ನು ಆರಿಸಿದರೆ ವ್ಯತ್ಯಾಸವಾಗುತ್ತದೆಯೆ ಎಂದು ಕೇಳುವವರಿಗೆ ಹಳ್ಳಿಗಳ ಅನುಭವ ಉತ್ತರ ಕೊಡುತ್ತದೆ. ಕರ್ನಾಟಕವು 1983ರ ಕಾಯಿದೆಯಿಂದ ಪಂಚಾಯತಿಗಳಲ್ಲಿ ಕಾಲುಭಾಗ ಸ್ಥಾನಗಳನ್ನು ಹೆಂಗಸರಿಗೆ ಇಟ್ಟು, 1987ರಲ್ಲಿ ಚುನಾವಣೆ ನಡೆಸಿ ದೇಶಕ್ಕೆ ದಾರಿ ತೋರಿಸಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ ತಿದ್ದುಪಡಿ ದೇಶದಲ್ಲೆಲ್ಲ ಮೂರನೆಯ ಒಂದು ಪಾಲನ್ನು ಕೊಟ್ಟಿತು. ಪಶ್ಚಿಮ ಬಂಗಾಳದಲ್ಲಿ ಪಂಡಿತರು ಹಳ್ಳಿಗಳನ್ನು ಹೋಲಿಸಿ ನೋಡಿದಾಗ, ಹೆಂಗಸು ಅಧ್ಯಕ್ಷಳಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಕೆಲಸವಾಗಿತ್ತು. ಎರಡು ಸಲ ಹೆಂಗಸಿನ ಆಡಳಿತ ಕಂಡ ಊರುಗಳಲ್ಲಿ, ಮೀಸಲಾತಿ ಇಲ್ಲದಾಗಲೂ ಹೆಂಗಸರು ಹೆಚ್ಚಾಗಿ ನಿಂತು ಗೆದ್ದರು. ಮಧ್ಯಪ್ರದೇಶದ ಹಳ್ಳಿಗಳಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ, ಸ್ವಸಹಾಯ ಸಂಘಗಳಿಗೆ ಸೇರಿದ ಹೆಂಗಸರು ಗ್ರಾಮಸಭೆಗೆ ಬಂದು ಬಾಯಿ ಬಿಡುವುದು ಉಳಿದವರಿಗಿಂತ ಹೆಚ್ಚೆಂದು ಕಂಡುಬಂತು. ದೂಬಗುಂಟದ ಪಾಠವೂ ಇದೇ: ಹೆಂಗಸರು ಒಟ್ಟಿಗೆ ಕೂರುವ ಜಾಗವೊಂದಿರಬೇಕು. ಗಂಡಸಿಗೆ ಅಂಥ ಜಾಗಗಳು ಹೋಟೆಲು, ನಾಕಾ, ಕಟ್ಟೆ, ಸಂಘದ ಕಚೇರಿ ಎಂದು ಹತ್ತಾರಿವೆ. ಹೆಂಗಸಿಗೆ ನಳದ ಸಾಲು ಒಂದೇ.

ಈಗ ನಾವು ಮಾಡಬೇಕಾದುದೇನು? ಭಾಷಣ ಸಾಕು, ಕೆಲಸಕ್ಕೆ ಬರೋಣ.

ಮೊದಲನೆಯದು ಹೆಸರು. ಮದುವೆಯಾಗಿ ಮುಂಬಯಿಗೆ ಬಂದ ಹೆಣ್ಣುಮಗಳ ಹೆಸರು ತವರಿನ ಪಟ್ಟಿಯಿಂದ ಹೋಗುತ್ತದೆ, ಗಂಡನ ಮನೆಯ ಪಟ್ಟಿಗೆ ಬರುವುದಿಲ್ಲ. 2025ರಲ್ಲಿ ಬಿಹಾರದ ಪಟ್ಟಿಯನ್ನು ಪರಿಷ್ಕರಿಸಿದಾಗ ಕರಡು ಪಟ್ಟಿಯಿಂದ ಬಿಟ್ಟುಹೋದ ಸುಮಾರು 65 ಲಕ್ಷ ಹೆಸರುಗಳಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿದ್ದರು. ಹೆಸರು ಹೇಳದೆ ಪಟ್ಟಿಯಿಂದ ಹೊರಗುಳಿದ ಕಾಲ ಹೋಗಿ, ಮನೆ ಬದಲಿಸಿ ಹೊರಗುಳಿಯುವ ಕಾಲ ಬಂತು. ಹೊಸ ಹೆಸರಿಗೆ ಆರನೆಯ ನಮೂನೆ, ಸ್ಥಳ ಬದಲಾವಣೆಗೆ ಎಂಟನೆಯ ನಮೂನೆ. ನಿಮ್ಮ ಖೋಲಿಯಲ್ಲಿರುವ ಹೆಂಗಸರ ಹೆಸರನ್ನು ಪಟ್ಟಿಯಲ್ಲಿ ನೋಡಿರಿ. ಇಲ್ಲದಿದ್ದರೆ ಅವರನ್ನೇ ಕರೆತಂದು ಅವರ ಕೈಯಿಂದಲೇ ಸಹಿ ಹಾಕಿಸಿರಿ.

ಎರಡನೆಯದು ರಜೆ. ಮತದಾನದ ದಿನ ವ್ಯಾಪಾರ, ಉದ್ಯಮ, ಮತ್ತಾವುದೇ ಸಂಸ್ಥೆಯಲ್ಲಿ ದುಡಿಯುವ ಮತದಾರನಿಗೆ ಸಂಬಳ ಸಹಿತ ರಜೆ ಕೊಡಬೇಕೆಂದು ಪ್ರಜಾಪ್ರತಿನಿಧಿತ್ವ ಕಾಯಿದೆಯ 135ಬಿ ಕಲಮು ಹೇಳುತ್ತದೆ. ದಿನಗೂಲಿಯವರಿಗೂ ಅದು ಅನ್ವಯಿಸುತ್ತದೆ. 'ಸಹಾಯಕ್ಕೆ ಬರುವವಳು' ಎಂದು ಕರೆಸಿಕೊಳ್ಳುವ ತಾಯಿಗೂ ಆ ರಜೆ ಸಿಗಬೇಕು. ಸಿಗದಿದ್ದರೆ ಸಂಘಕ್ಕೆ ತಿಳಿಸಿರಿ. ಮನೆಗೆಲಸದವಳ ರಜೆಯನ್ನು ಯಾರು ಕೇಳಬೇಕು? ಅವಳ ಗಂಡನಾದ ಕಾರ್ಮಿಕನು ಆ ದಿನ ಬೆಳಗಿನ ಅಡಿಗೆಗಾದರೂ ತಾನು ಕೈಹಾಕಿದರೆ ಅವಳ ಅರ್ಧ ರಜೆ ಅಲ್ಲಿಯೇ ಸಿಗುತ್ತದೆ.

ಮೂರನೆಯದು ಗುಟ್ಟು. ಕಣ್ಣು ಕಾಣದವರು, ಅಶಕ್ತರು ಇವರ ಹೊರತು ಬೇರಾರೊಂದಿಗೂ ಇನ್ನೊಬ್ಬರು ಮತಯಂತ್ರದ ಮರೆಗೆ ಹೋಗುವಂತಿಲ್ಲ. "ನೀನು ಯಾರಿಗೆ ಹಾಕಿದೆ?" ಎಂದು ಹೆಂಡತಿಯನ್ನು ಕೇಳಬೇಡಿರಿ. ಮಾಲಿಕನು ನಿಮ್ಮನ್ನು ಹಾಗೆ ಕೇಳಿದರೆ ನಿಮಗೆ ಹೇಗನಿಸೀತೆಂದು ಯೋಚಿಸಿರಿ.

ನಾಲ್ಕನೆಯದು ಸಭೆ. ಚುನಾವಣೆಗೆ ಮೊದಲು ಪ್ರತಿಯೊಂದು ವಿಭಾಗದಲ್ಲಿಯೂ ಹೆಂಗಸರದೇ ಒಂದು ಸಭೆ ನಡೆಯಬೇಕು. ಅಡಿಗೆಯ ಹೊತ್ತಿನಲ್ಲಿ ಕರೆಯದೆ, ಅವರಿಗೆ ಬಿಡುವಾದಾಗ ಕರೆಯಬೇಕು; ಮಕ್ಕಳನ್ನು ಗಂಡಸರು ನೋಡಿಕೊಳ್ಳಬೇಕು. ಆ ಸಭೆಯಲ್ಲಿ ಯಾರಿಗೆ ಮತ ಹಾಕಬೇಕೆಂದು ಸಂಘದವರು ಹೇಳಬಾರದು. ಕೂಲಿ, ನೀರು, ಶೌಚಾಲಯ, ರಾತ್ರಿಯ ರೈಲು, ಕುಡಿತ, ಮನೆಯ ಹೊಡೆತ, ಇವನ್ನು ಅವರೇ ಮಾತನಾಡಿ, ಅವರೇ ಬರೆದು, ಅಭ್ಯರ್ಥಿಗಳನ್ನು ಕರೆಸಿ ಅವರೇ ಕೇಳಲಿ. ಅಲ್ಲಿಂದ ಎದ್ದುಹೋದ ಮೇಲೆ ಒಬ್ಬೊಬ್ಬಳೂ ತನಗೆ ತೋಚಿದವರಿಗೆ ಹಾಕಲಿ. ಎಲ್ಲರೂ ಒಬ್ಬನಿಗೇ ಹಾಕಬೇಕೆಂಬ ಹಟ ನಮಗೆ ಬೇಡ.

ಕೊನೆಯದು, ಕಾರ್ಮಿಕ ಸಂಘಗಳ ಸಮಿತಿಗಳಲ್ಲಿ ದುಡಿಯುವ ಹೆಂಗಸಿಗೆ ಸ್ಥಾನ. ಮುಂಬಯಿಯ ಮಹಾನಗರ ಪಾಲಿಕೆಯಲ್ಲಿ ಅರ್ಧ ಸ್ಥಾನಗಳು ಹೆಂಗಸರಿಗೆ ಮೀಸಲಾಗಿವೆ. ಪಾಲಿಕೆಯ ಕುರ್ಚಿಗೆ ಯೋಗ್ಯಳಾದವಳು ಸಂಘದ ಜಮಖಾನಕ್ಕೆ ಯೋಗ್ಯಳಲ್ಲವೆ?

ಬಂಧುಗಳೇ, ಹೆಂಗಸು ತನ್ನ ಕಷ್ಟವನ್ನು ನೆನೆದು ಮತ ಹಾಕಿದರೆ ಗಂಡಸಿಗೆ ನಷ್ಟವೇನೂ ಇಲ್ಲ. ಅವಳು ತರಿಸಿದ ನೀರನ್ನು ನಾವೂ ಕುಡಿಯುತ್ತೇವೆ; ಅವಳು ಹಾಕಿಸಿದ ದೀಪದ ಬೆಳಕಿನಲ್ಲಿಯೇ ರಾತ್ರಿಪಾಳಿ ಮುಗಿಸಿ ಮನೆಗೆ ನಡೆಯುತ್ತೇವೆ. ಅವಳಿಗೆ ಕಡಿಮೆ ಕೂಲಿ ಕೊಡಬಹುದಾದವರೆಗೆ ಮಾಲಿಕನು ನಮ್ಮನ್ನೂ ಹೆದರಿಸುತ್ತಲೇ ಇರುತ್ತಾನೆ, "ನೀನಿಲ್ಲದಿದ್ದರೆ ಅರ್ಧ ಪಗಾರಕ್ಕೆ ಅವಳಿದ್ದಾಳೆ" ಎಂದು. ಅವಳ ಕೂಲಿ ಏರಿದ ದಿನ ನಮ್ಮ ಬೆನ್ನೂ ನೆಟ್ಟಗಾಗುತ್ತದೆ. ಆ ದಿನ ಹತ್ತಿರ ಬರಬೇಕಾದರೆ ಮೊದಲು ಅವಳ ಮತ ಅವಳದಾಗಬೇಕು. ಇದೇ ಭಾನುವಾರದಿಂದ ಪಟ್ಟಿಯ ಕೆಲಸಕ್ಕೆ ಕೈಹಾಕೋಣ.